ಬೆಳಗಿನ ಮೊದಲ ಸೆಲ್ಫು

ಆಷಾಢದ ಮಳೆ ರಾತ್ರಿಯೆಲ್ಲ ಹೊಯ್ದು ಬೆಳಗಿನ ಹೊತ್ತಿಗೆ ಜಿಟಿಜಿಟಿಗೆ ಇಳಿದಿದೆ. ಶಿವಮೊಗ್ಗದ ಸಾಗರ ರಸ್ತೆಯ ಆಟೋ ಕಾಂಪ್ಲೆಕ್ಸಿನ ಗಲ್ಲಿಗಳಲ್ಲಿ ಕಪ್ಪು ಕೆಸರು, ನಿಂತ ನೀರಿನ ಮೇಲೆ ಡೀಸೆಲ್ಲಿನ ತೆಳುವಾದ ಪೊರೆ, ಅದರಲ್ಲಿ ನೀಲಿ, ನೇರಳೆ, ಹಳದಿ ಬಣ್ಣಗಳ ಸುಳಿ. ಶಟರುಗಳು ಒಂದೊಂದಾಗಿ ಗರಗರನೆ ಮೇಲೇರುತ್ತಿವೆ. ಟಿಂಕರಿಂಗ್ ಶೆಡ್ಡಿನಲ್ಲಿ ತಗಡಿನ ಮೇಲೆ ಸುತ್ತಿಗೆ ಬೀಳತೊಡಗಿದೆ, ಲೇತ್ ಅಂಗಡಿಯಲ್ಲಿ ಕಬ್ಬಿಣ ಸುಲಿಯುವ ಸದ್ದು, ಎಲ್ಲೋ ಒಂದು ಕಂಪ್ರೆಸರ್ ಗಾಳಿ ತುಂಬಿಕೊಂಡು ಬುಸ್ಸೆಂದು ಸುಮ್ಮನಾಗುತ್ತದೆ. ಪೇಂಟಿನ ತಿನ್ನರ್, ವೆಲ್ಡಿಂಗಿನ ಹೊಗೆ, ಒದ್ದೆ ಗೋಣಿಚೀಲ, ಮೂಲೆ ಹೋಟೆಲಿನ ಶುಂಠಿ ಚಹಾ ಎಲ್ಲವೂ ಬೆರೆತ ವಾಸನೆ. ಜಿಂಕ್ ಶೀಟಿನ ಅಂಚಿನಿಂದ ತೊಟ್ಟಿಕ್ಕುವ ನೀರು ತಪ್ಪಿಸಿಕೊಂಡು ಈ ಶೆಡ್ಡಿನೊಳಗೆ ಬನ್ನಿ. ಇಲ್ಲಿ ಗೋಡೆಗೆ ಒರಗಿ ನಿಂತರೆ ಯಾರ ಕೆಲಸಕ್ಕೂ ಅಡ್ಡಿಯಾಗುವುದಿಲ್ಲ.

ಶೆಡ್ಡಿನ ಮಧ್ಯೆ ಹತ್ತು ವರ್ಷ ದಾಟಿದ ಪುಟ್ಟ ಪೆಟ್ರೋಲ್ ಕಾರೊಂದು ಬಾನೆಟ್ ಎತ್ತಿಕೊಂಡು ನಿಂತಿದೆ. ತೀರ್ಥಹಳ್ಳಿ ಕಡೆಯ ಮೇಷ್ಟ್ರೊಬ್ಬರದು. ನಿನ್ನೆ ಸಂಜೆಯೇ ತಂದು ಬಿಟ್ಟು ಹೋಗಿ ಎಂದು ಗ್ಯಾರೇಜಿನವರು ಹೇಳಿದ್ದರಿಂದ, ಬಿಟ್ಟು ನೆಂಟರ ಮನೆಯಲ್ಲಿ ಮಲಗಿ ಈಗ ಛತ್ರಿ ಹಿಡಿದು ಬಂದಿದ್ದಾರೆ. ಕಾಂಪ್ಲೆಕ್ಸಿನಲ್ಲಿ ಎಲ್ಲರೂ ಭಾಯ್ ಎನ್ನುವ ಮೆಕ್ಯಾನಿಕ್ಕು ವೇಸ್ಟು ಬಟ್ಟೆಯಲ್ಲಿ ಬೆರಳು ಬೆರಳನ್ನೂ ಒರೆಸಿಕೊಳ್ಳುತ್ತ, ನಿನ್ನೆ ಕೇಳಿದ ಪ್ರಶ್ನೆಯನ್ನೇ ಮತ್ತೆ ಕೇಳುತ್ತಾರೆ.

"ಇನ್ನೊಂದ್ಸಲ ಹೇಳಿ ಮೇಷ್ಟ್ರೇ. ಸೆಲ್ಫ್ ತಿರುಗೋದೇ ನಿಧಾನನೋ, ಇಲ್ಲಾ ಚೆನ್ನಾಗಿ ತಿರುಗಿಯೂ ಗಾಡಿ ಹಿಡಿಯಲ್ವೋ?"

"ತಿರುಗೋದು ಚೆನ್ನಾಗೇ ತಿರುಗುತ್ತೆ ಭಾಯ್. ಹಿಡಿಯಲ್ಲ. ಮೂರು ಸಲ, ನಾಲ್ಕು ಸಲ ಹೊಡೀಬೇಕು. ಒಮ್ಮೆ ಹಿಡೀತು ಅಂದ್ರೆ ಸಂಜೆ ತನಕ ಯಾವ ತಕರಾರೂ ಇಲ್ಲ. ಅಂಗಡಿ ಮುಂದೆ ನಿಲ್ಸಿ ಐದು ನಿಮಿಷ ಬಿಟ್ಟು ಬಂದ್ರೆ ಮುಟ್ಟಿದ್ರೆ ಸಾಕು, ಸ್ಟಾರ್ಟು."

ಈ ಒಂದು ಮಾತಿನಲ್ಲಿ ಅರ್ಧ ಕೆಲಸ ಮುಗಿದಿರುತ್ತದೆ. ಸೆಲ್ಫು ಎಳೆದೆಳೆದು ತಿರುಗಿದರೆ ಬ್ಯಾಟರಿ, ಅದರ ತುದಿಗೆ ಕಟ್ಟಿದ ಬಿಳಿ ಬೂಷ್ಟು, ಅರ್ಥ್ ವೈರು, ಸೆಲ್ಫ್ ಮೋಟರು ಇವುಗಳ ದಾರಿ ಹಿಡಿಯಬೇಕು. ಎಂಜಿನ್ನು ಹುರುಪಿನಿಂದ ತಿರುಗಿಯೂ ಹೊತ್ತಿಕೊಳ್ಳದಿದ್ದರೆ ಕಿಡಿಯೋ ಗಾಳಿಯೋ ಇಂಧನವೋ ಒಂದು ತಡವಾಗಿ ಬರುತ್ತಿದೆ. ರಾತ್ರಿಯೆಲ್ಲ ನಿಂತಾಗ ಮಾತ್ರ ತಡ, ಐದು ನಿಮಿಷ ನಿಂತರೆ ತಡವಿಲ್ಲ ಎಂದಾಗ ಅನುಮಾನ ಇಂಧನದ ಕಡೆಗೇ ಜಾಸ್ತಿ ವಾಲುತ್ತದೆ. ಆದರೂ ಭಾಯ್ ಬ್ಯಾಟರಿಯ ಮೇಲೆ ಮೀಟರಿನ ಎರಡು ಮುಳ್ಳು ಇಟ್ಟು ನೋಡುತ್ತಾರೆ: 12.6 ವೋಲ್ಟ್. ಅದು ಆರೋಗ್ಯದ ಲಕ್ಷಣ.

ಬಾನೆಟ್ಟಿನ ಒಳಗೆ ಸ್ವಲ್ಪ ಬಗ್ಗಿ ನೋಡಿ. ಪೆಟ್ರೋಲ್ ಬರುವ ಕೊಳವೆಗೂ ಇಂಜೆಕ್ಟರುಗಳ ಮೇಲಿನ ರೈಲಿಗೂ ನಡುವೆ ಒಂದು ಟೀ ಜೋಡಿಸಿ, ಅದಕ್ಕೊಂದು ದುಂಡನೆಯ ಪ್ರೆಶರ್ ಗೇಜು ಕಟ್ಟಿದ್ದಾರೆ. ಗಾಜು ಮಾಸಿದೆ, ಅಂಚಿನ ಹಿತ್ತಾಳೆ ಉಜ್ಜಿ ಉಜ್ಜಿ ಹೊಳೆಯುತ್ತಿದೆ. ನಿನ್ನೆ ಇದನ್ನು ಕೂರಿಸುವಾಗ ಭಾಯ್ ಮೊದಲು ಫ್ಯೂಸ್ ಡಬ್ಬಿ ತೆರೆದು ಪಂಪಿನ ಫ್ಯೂಸ್ ಕಿತ್ತು, ಎಂಜಿನ್ನನ್ನು ಅದಾಗಿಯೇ ಆರುವವರೆಗೆ ಓಡಿಸಿ, ಕೊಳವೆಯ ಕೀಲಿಗೆ ದಪ್ಪ ಬಟ್ಟೆ ಸುತ್ತಿ, ಆಮೇಲೆ ಬಿಚ್ಚಿದ್ದರು. ಒತ್ತಡದಲ್ಲಿರುವ ಪೆಟ್ರೋಲು ಬಿಸಿ ಎಂಜಿನ್ನಿನ ಮೇಲೆ ಚಿಮ್ಮಿದರೆ ಏನಾಗುತ್ತದೆ ಎಂಬುದು ಇಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಬೇಕಾಗಿಲ್ಲ. ಆ ಹೊತ್ತಿನಲ್ಲಿ ವೆಲ್ಡಿಂಗಿನ ಹುಡುಗ ತಾನಾಗಿಯೇ ಕೆಲಸ ನಿಲ್ಲಿಸಿ ಹೊರಗೆ ಹೋಗಿ ನಿಂತಿದ್ದ.

ಸಂಜೆ ಗೇಜಿನ ಮುಳ್ಳು ಎಲ್ಲಿತ್ತೆಂದು ಭಾಯ್ ಮೊಬೈಲಿನಲ್ಲಿ ಫೋಟೊ ತೆಗೆದಿಟ್ಟುಕೊಂಡಿದ್ದಾರೆ. ಆಗ 3 ಬಾರ್, ಇವರ ಲೆಕ್ಕದಲ್ಲಿ ನಲವತ್ಮೂರು ಪೌಂಡು. ಈಗ ಮುಳ್ಳು ಸೊನ್ನೆಯ ಮೇಲೆ ಮಲಗಿದೆ.

"ಕೀ ಆನ್ ಮಾಡಿ ಮೇಷ್ಟ್ರೇ. ಸೆಲ್ಫ್ ಹೊಡೀಬೇಡಿ, ಆನ್ ಅಷ್ಟೇ."

ಮೇಷ್ಟ್ರು ಕೀ ತಿರುಗಿಸುತ್ತಾರೆ. ಹಿಂದಿನ ಸೀಟಿನ ಅಡಿಯಿಂದ ಸಣ್ಣಗೆ ಒಂದು ಗುಂಯ್ ಎದ್ದು, ಎರಡು ಸೆಕೆಂಡು ಇದ್ದು, ನಿಂತುಹೋಗುತ್ತದೆ. ಕಾರು ಓಡಿಸುವವರು ದಿನಾ ಕೇಳಿಯೂ ಕೇಳಿಸಿಕೊಳ್ಳದ ಸದ್ದು ಅದು. ಪೆಟ್ರೋಲ್ ಟ್ಯಾಂಕಿನೊಳಗೆ ಮುಳುಗಿ ಕೂತಿರುವ ಮೋಟರು, ಎಂಜಿನ್ನು ತಿರುಗುವ ಮೊದಲೇ ರೈಲಿಗೆ ಒತ್ತಡ ಕಟ್ಟಿಕೊಡುವ ಸದ್ದು. 1983ರ ಕೊನೆಯಲ್ಲಿ ರಸ್ತೆಗಿಳಿದ ಮಾರುತಿ 800ರಲ್ಲಿ ಈ ಸದ್ದಿರಲಿಲ್ಲ. ಅದರಲ್ಲಿ ಕಾರ್ಬುರೇಟರು, ಪೆಟ್ರೋಲ್ ಎಳೆದುಕೊಡಲು ಎಂಜಿನ್ನೇ ಕುಟ್ಟುವ ಪುಟ್ಟ ಡಯಾಫ್ರಂ ಪಂಪು, ಚಳಿಯ ಬೆಳಗಿಗೆ ಎಳೆಯಲು ಚೋಕು. ಹೊಗೆಯ ನಿಯಮಗಳು ಬಿಗಿಯಾಗುತ್ತ ಬಂದಂತೆ ಕಾರ್ಬುರೇಟರು ಮರೆಯಾಗಿ ಇಂಜೆಕ್ಟರು ಬಂತು. 2020ರ ಏಪ್ರಿಲ್ 1ರಂದು ಬಿಎಸ್ 6 ಜಾರಿಯಾದ ಮೇಲೆ ಬೈಕುಗಳಲ್ಲೂ ಕೀ ತಿರುಗಿಸಿದ ಕೂಡಲೇ ಇದೇ ಗುಂಯ್ ಕೇಳಿಸುತ್ತದೆ. ನಿಮ್ಮ ಗಾಡಿಯಲ್ಲಿ ಈ ಸದ್ದನ್ನು ಒಮ್ಮೆ ಕಿವಿಗೊಟ್ಟು ಕೇಳಿಟ್ಟುಕೊಳ್ಳಿ. ಆರೋಗ್ಯವಾಗಿದ್ದಾಗ ಅದು ಹೇಗಿತ್ತೆಂದು ಗೊತ್ತಿದ್ದವರಿಗೇ, ಅದು ಕ್ಷೀಣಿಸಿದ್ದೋ ಕರ್ಕಶವಾದದ್ದೋ ತಿಳಿಯುವುದು.

ಗುಂಯ್ ನಿಂತಾಗ ಗೇಜಿನ ಮುಳ್ಳು ಒಂದೂವರೆ ಬಾರಿನ ಹತ್ತಿರ ಬಂದು ತಡವರಿಸುತ್ತದೆ. ಭಾಯ್ ಕೀ ಆಫ್ ಮಾಡಿಸಿ ಮತ್ತೆ ಆನ್ ಮಾಡಿಸುತ್ತಾರೆ. ಮತ್ತೆ ಗುಂಯ್, ಮುಳ್ಳು ಇನ್ನಷ್ಟು ಏರುತ್ತದೆ. ಮೂರನೆಯ ಸಲಕ್ಕೆ 3 ಬಾರ್ ಮುಟ್ಟಿತು. "ಈಗ ಹೊಡೀರಿ" ಎಂದದ್ದೇ ತಡ, ಸೆಲ್ಫು ಒಂದು ಸುತ್ತು ತಿರುಗುವಷ್ಟರಲ್ಲಿ ಎಂಜಿನ್ನು ಹಿಡಿದುಕೊಂಡಿತು. ಮೇಷ್ಟ್ರ ಮುಖ ನೋಡಬೇಕು. ಎಷ್ಟೋ ತಿಂಗಳಿಂದ ಬೆಳಬೆಳಿಗ್ಗೆ ಅಂಗಳದಲ್ಲಿ ಕೊಂಯ್‌ಕೊಂಯ್ ಅನ್ನಿಸಿ ಅಕ್ಕಪಕ್ಕದ ಮನೆಯವರನ್ನೆಲ್ಲ ಎಬ್ಬಿಸುತ್ತಿದ್ದ ಗಾಡಿ ಇದೇನಾ ಎಂಬ ಬೆರಗು.

ಮೇಷ್ಟ್ರು ಅಡಿಕೆ ತೋಟದವರು ಎಂಬುದು ಭಾಯ್‌ಗೆ ಗೊತ್ತು. "ನಿಮ್ಮ ತೋಟದ ಬಾವಿ ಪಂಪಿಗೆ ಫುಟ್‌ವಾಲ್ವ್ ಹೋದ್ರೆ ಏನ್ ಮಾಡ್ತೀರಿ?" ಎಂದು ಕೇಳಿದರು.

"ರಾತ್ರಿ ಪೈಪಿನ ನೀರೆಲ್ಲ ಬಾವಿಗೇ ಇಳಿದಿರುತ್ತೆ. ಬೆಳಿಗ್ಗೆ ಕೊಡ ಹೊತ್ತು ನೀರು ತುಂಬಿಸಿದ ಮೇಲೇ ಎತ್ತೋದು."

"ನಿಮ್ಮ ಕಾರಿಗೂ ಅದೇ ಆಗಿದೆ ಅಂತ ನನ್ನ ಅಂದಾಜು. ಅಂದಾಜು ಅಷ್ಟೇ. ಇನ್ನೂ ನೋಡ್ಬೇಕು."

ಪಂಪಿನ ಬಾಯಲ್ಲಿ ಒಂದು ಚಿಕ್ಕ ಚೆಕ್‌ವಾಲ್ವ್ ಇರುತ್ತದೆ. ಪೆಟ್ರೋಲು ಮುಂದಕ್ಕೆ ಹೋಗಬಹುದು, ಹಿಂದಕ್ಕೆ ಬರುವಂತಿಲ್ಲ. ಗಾಡಿ ನಿಂತ ಮೇಲೂ ಕೊಳವೆಯಲ್ಲಿ ಒತ್ತಡ ಉಳಿಯುವುದು ಅದರಿಂದ. ಬೆಳಗಿನ ಚಳಿಗಷ್ಟೇ ಅಲ್ಲ, ಬೇಸಿಗೆಯ ನಡುಮಧ್ಯಾಹ್ನಕ್ಕೂ ಆ ಒತ್ತಡ ಬೇಕು: ಕಾದ ಎಂಜಿನ್ನಿನ ಮೇಲಿನ ರೈಲಿನಲ್ಲಿ ಒತ್ತಡ ಇಳಿದರೆ ಪೆಟ್ರೋಲು ಅಲ್ಲೇ ಆವಿಯಾಗಿ, ಇಂಜೆಕ್ಟರಿಗೆ ದ್ರವದ ಬದಲು ಗುಳ್ಳೆ ಸಿಗುತ್ತದೆ. ಆದರೆ ಒತ್ತಡ ಸೋರಿಹೋಗಲು ಚೆಕ್‌ವಾಲ್ವ್ ಒಂದೇ ದಾರಿಯಲ್ಲ. ಇಂಜೆಕ್ಟರಿನ ತುದಿ ತೊಟ್ಟಿಕ್ಕುತ್ತಿರಬಹುದು. ಒತ್ತಡವನ್ನು ಹದದಲ್ಲಿಡುವ ರೆಗ್ಯುಲೇಟರು ಸೋರುತ್ತಿರಬಹುದು. ಟ್ಯಾಂಕಿನೊಳಗೆ ಪಂಪಿನಿಂದ ಮೇಲಕ್ಕೆ ಬರುವ ಗೇಣುದ್ದದ ಕೊಳವೆ ಸೀಳಿರಬಹುದು. ಬೆಳಗಿನ ತಾಪತ್ರಯ ನಾಲ್ಕರದ್ದೂ ಒಂದೇ, ರಿಪೇರಿಯ ಖರ್ಚು ಮಾತ್ರ ಒಂದೊಂದಕ್ಕೆ ಒಂದೊಂದು. ಮಾಲೀಕನ ಜೇಬು ಉಳಿಯುವುದೋ ಹರಿಯುವುದೋ ತೀರ್ಮಾನವಾಗುವುದು ಇಲ್ಲೇ.

ಈಗಿನ ಕಾಲದ ರೂಢಿಯಂತೆ ಗ್ಯಾರೇಜಿನ ಹುಡುಗ ಸ್ಕ್ಯಾನರ್ ತಂದು ಸ್ಟೇರಿಂಗ್ ಅಡಿಯ ಸಾಕೆಟ್ಟಿಗೆ ಸಿಕ್ಕಿಸಿದ್ದಾನೆ. ಪರದೆಯ ಮೇಲೆ ಒಂದು ದೋಷವೂ ಇಲ್ಲ. ಇರುವುದೂ ಇಲ್ಲ. ಇಂಥ ಬಹುತೇಕ ಪೆಟ್ರೋಲ್ ಕಾರುಗಳಲ್ಲಿ ಇಂಧನದ ಒತ್ತಡ ಅಳೆಯುವ ಸೆನ್ಸರೇ ಇಲ್ಲ. ಕಂಪ್ಯೂಟರು ಅಲ್ಲಿ 3 ಬಾರ್ ಇದೆ ಎಂದು ನಂಬಿಕೊಂಡು ಲೆಕ್ಕ ಹಾಕುತ್ತಿರುತ್ತದೆ. ಸ್ಕ್ಯಾನರಿನಲ್ಲಿ ಏನೂ ಕಾಣದ್ದಕ್ಕೆ ಪ್ಲಗ್ಗು, ಕಾಯಿಲು, ಬ್ಯಾಟರಿ ಎಂದು ಒಂದಾದ ಮೇಲೊಂದು ಬದಲಿಸುತ್ತ ಹೋಗುವುದನ್ನು ಎಷ್ಟೋ ಕಡೆ ನೋಡಿದ್ದೇನೆ. ಅದು ನನಗೆ ಒಪ್ಪಿಗೆಯಾಗದ ಕೆಲಸ. ಜನ ಹಾಲು ಮಾರಿ, ಅಡಿಕೆ ಮಾರಿ ಕೂಡಿಸಿದ ದುಡ್ಡು ಅದು. ಅರ್ಧ ಗಂಟೆ ಕಾಯುವ ಸಹನೆಯಿದ್ದರೆ ಒಂದು ಹಳೆಯ ಗೇಜು ಸಾಕು.

ಭಾಯ್ ಎಂಜಿನ್ ಆರಿಸಿ ಮುಳ್ಳನ್ನೇ ನೋಡುತ್ತ ನಿಂತರು. ನಾವೂ ನೋಡೋಣ. ಗಡಿಯಾರದ ದೊಡ್ಡ ಮುಳ್ಳು ಸರಿಯುವುದು ಕಣ್ಣಿಗೆ ಕಾಣುವುದಿಲ್ಲ, ಇದು ಕಾಣುತ್ತಿದೆ. ಎರಡೂವರೆ, ಎರಡು. ಎರಡರಿಂದ ಒಂದಕ್ಕೆ ಇಳಿಯಲು ಲೋಟದ ಚಹಾ ಮುಗಿಯುವಷ್ಟು ಹೊತ್ತೂ ಹಿಡಿಯಲಿಲ್ಲ. ಕೀ ಆನ್ ಮಾಡಿ ಮತ್ತೆ ಒತ್ತಡ ತುಂಬಿಸಿ, ಈ ಸಲ ಗೇಜಿನ ಕೆಳಗಿರುವ ಪುಟ್ಟ ನಲ್ಲಿಯನ್ನು ತಿರುಗಿಸಿ ಮುಚ್ಚಿದರು. ಮೊದಲೆಲ್ಲ ರಬ್ಬರ್ ಹೋಸನ್ನು ಇಕ್ಕಳದಿಂದ ಹಿಸುಕಿಬಿಡುತ್ತಿದ್ದರು. ಈಗಿನ ನೈಲಾನ್ ಕೊಳವೆಯನ್ನು ಹಿಸುಕಿದರೆ ಅದು ಮತ್ತೆ ಸರಿಹೋಗುವುದಿಲ್ಲ, ಅದಕ್ಕೇ ಈ ನಲ್ಲಿ. ಮುಚ್ಚಿದ ಮೇಲೆ ಟ್ಯಾಂಕಿನ ಕಡೆಗೂ ಎಂಜಿನ್ನಿನ ಕಡೆಗೂ ಸಂಬಂಧ ಕಡಿಯಿತು, ಗೇಜು ಎಂಜಿನ್ನಿನ ಕಡೆ ಉಳಿಯಿತು. ಮುಳ್ಳು ಇಳಿದರೆ ಇಂಜೆಕ್ಟರು ಸೋರುತ್ತಿದೆ ಎಂದರ್ಥ, ನಿಂತರೆ ತಪ್ಪು ಟ್ಯಾಂಕಿನ ಕಡೆಯದು.

"ಹಂಗೇ ಇರ್ಲಿ, ಅರ್ಧ ಗಂಟೆ" ಎಂದು ಭಾಯ್ ಗೇಜಿನ ಗಾಜಿನ ಮೇಲೆ ಮುಳ್ಳಿನ ನೇರಕ್ಕೆ ಸ್ಕೆಚ್ ಪೆನ್ನಿನಲ್ಲಿ ಒಂದು ಗೆರೆ ಎಳೆದರು.

ಅಷ್ಟರಲ್ಲಿ ಅಂಗಳಕ್ಕೆ ಒಂದು ಡೀಸೆಲ್ ಪಿಕಪ್ ಬಂತು. ಹಿಂದೆ ಖಾಲಿ ತರಕಾರಿ ಕ್ರೇಟುಗಳು, ಒಂದಷ್ಟು ಕೋಸಿನ ಎಲೆ. ಡ್ರೈವರು ರಿಪ್ಪನ್‌ಪೇಟೆ ಕಡೆಯ ಹುಡುಗ, ಎಂಜಿನ್ ಆಫ್ ಮಾಡಲೂ ಹೆದರುತ್ತಿದ್ದಾನೆ. ಮಾರ್ಕೆಟ್ಟಿಗೆ ಹೊರಡುವ ಬೆಳಗಿನ ಜಾವದಲ್ಲಿ ಗಾಡಿ ಹಿಡಿಯದೆ ಎಷ್ಟೋ ದಿನ ತಳ್ಳಿದ್ದಾನೆ. ಬೇರೆ ಯಾರೋ ನಾಲ್ಕೂ ಇಂಜೆಕ್ಟರ್ ಬದಲಿಸಬೇಕು ಎಂದಿದ್ದಾರಂತೆ. ಆ ಮಾತು ಹೇಳುವಾಗ ಅವನ ದನಿ ಇಳಿಯಿತು.

"ರಾತ್ರಿ ಗಾಡಿ ಎಲ್ಲಿ ನಿಲ್ಸ್ತೀಯಪ್ಪಾ?"

"ಮನೆ ಮುಂದೆ ಏರಿನಲ್ಲಿ ಭಾಯ್. ಮೂತಿ ಮೇಲೆ ಮಾಡಿ ನಿಲ್ಸಿದ ದಿನ ಕತೆ ಮುಗೀತು. ತಿರುಗಿಸಿ ಮೂತಿ ಕೆಳಗೆ ಮಾಡಿದ್ರೆ ಒಂದೇ ಏಟಿಗೆ ಹಿಡಿಯುತ್ತೆ. ಯಾಕೋ ಗೊತ್ತಿಲ್ಲ."

ಭಾಯ್ ನಕ್ಕರು. ಮೂತಿ ಮೇಲಾದರೆ ಎಂಜಿನ್ನು ಟ್ಯಾಂಕಿಗಿಂತ ಎತ್ತರ, ಎಲ್ಲಾದರೂ ಗಾಳಿಗೆ ದಾರಿಯಿದ್ದರೆ ರಾತ್ರಿಯಿಡೀ ಡೀಸೆಲ್ ಹಿಂದಕ್ಕೆ ಇಳಿಯುತ್ತದೆ. ಮೂತಿ ಕೆಳಗಾದರೆ ಟ್ಯಾಂಕೇ ಮೇಲೆ, ಇಳಿಯಲು ಜಾಗವಿಲ್ಲ. ಮಲೆನಾಡಿನ ಏರು ಅಂಗಳಗಳು ಮೆಕ್ಯಾನಿಕ್ಕಿಗೆ ಕೊಡುವ ಇಂಥ ಸುಳಿವು ಬಯಲುಸೀಮೆಯ ಗ್ಯಾರೇಜಿಗೆ ಸಿಗಲಾರದು.

ಡೀಸೆಲ್ಲಿನ ಲೆಕ್ಕವೇ ಬೇರೆ. 1997ರಲ್ಲಿ ಆಲ್ಫಾ ರೋಮಿಯೋ 156 ಕಾರಿನೊಂದಿಗೆ ಬಂದ ಕಾಮನ್ ರೈಲ್ ಪದ್ಧತಿ ಈಗ ತರಕಾರಿ ಪಿಕಪ್ಪಿನವರೆಗೂ ಇಳಿದಿದೆ. ಇದರಲ್ಲಿ ಸೆಲ್ಫು ತಿರುಗುತ್ತಿರುವಾಗಲೇ ರೈಲಿನ ಒತ್ತಡ ಸುಮಾರು 200 ಬಾರ್ ದಾಟಬೇಕು, ಅದಕ್ಕಿಂತ ಕಡಿಮೆಯಿದ್ದರೆ ಕಂಪ್ಯೂಟರು ಇಂಜೆಕ್ಟರುಗಳನ್ನು ತೆರೆಯುವುದೇ ಇಲ್ಲ. ದುಡಿಮೆಯ ಹೊತ್ತಿನಲ್ಲಿ ಅದು 1600 ಬಾರ್ ಮುಟ್ಟುತ್ತದೆ, ಹೊಸವುಗಳಲ್ಲಿ ಇನ್ನೂ ಹೆಚ್ಚು. ಅಷ್ಟು ಒತ್ತಡದ ಡೀಸೆಲ್ಲು ಕೂದಲೆಳೆಯಷ್ಟು ಸಂದಿಯಿಂದ ಚಿಮ್ಮಿದರೂ ಚರ್ಮ ಸೀಳಿಕೊಂಡು ಮಾಂಸದೊಳಗೆ ಹೋಗುತ್ತದೆ. ಹಳೆಯ ಲಾರಿ, ಟ್ರ್ಯಾಕ್ಟರುಗಳಲ್ಲಿ ನಟ್ಟು ಸಡಿಲಿಸಿ ಏರ್ ತೆಗೆದು ಪಳಗಿದ ಕೈಗಳು ಇಲ್ಲಿ ಹಾಗೆ ಮಾಡಕೂಡದು. ಓಡುತ್ತಿರುವ ಎಂಜಿನ್ನಿನ ರೈಲಿನ ಹತ್ತಿರ ಪಾನಾ ಹಿಡಿದು ಬಂದ ಹುಡುಗನನ್ನು ಭಾಯ್ ಮೊಣಕೈಯಿಂದಲೇ ಹಿಂದಕ್ಕೆ ದಬ್ಬಿದರು.

ಇಲ್ಲಿ ಸ್ಕ್ಯಾನರು ಮಾತಾಡುತ್ತದೆ. ಪಿ 0087, ರೈಲಿನ ಒತ್ತಡ ಸಾಲದು. ಆದರೆ ಯಾಕೆ ಸಾಲದು ಎಂದು ಅದು ಹೇಳುವುದಿಲ್ಲ. ಕಟ್ಟಿಕೊಂಡ ಫಿಲ್ಟರಿಗೂ ಅದೇ ನಂಬರು, ಸವೆದ ಪಂಪಿಗೂ ಅದೇ, ಸೋರುವ ಇಂಜೆಕ್ಟರಿಗೂ ಅದೇ. ಹುಡುಗ ನಾಲ್ಕು ಪುಟ್ಟ ಪ್ಲಾಸ್ಟಿಕ್ ಬಾಟಲಿ ತಂದು, ಒಂದೊಂದು ಇಂಜೆಕ್ಟರಿನ ರಿಟರ್ನ್ ಪೈಪನ್ನು ಒಂದೊಂದಕ್ಕೆ ಇಳಿಬಿಟ್ಟ. ಎಂಜಿನ್ ಓಡಿಸಿ ನೋಡಿದರೆ ನಾಲ್ಕರಲ್ಲೂ ಡೀಸೆಲ್ಲು ಒಂದೇ ಸಮ ಏರುತ್ತಿದೆ. ಯಾವುದಾದರೂ ಇಂಜೆಕ್ಟರು ಒಳಗೆ ಸವೆದಿದ್ದರೆ ಅದರ ಬಾಟಲಿ ಉಳಿದವನ್ನು ಹಿಂದೆ ಹಾಕಿ ತುಂಬಬೇಕಿತ್ತು. ಡ್ರೈವರ್ ಹುಡುಗ ಬಾಟಲಿಗಳ ಎದುರು ಕುಕ್ಕರಗಾಲಲ್ಲಿ ಕೂತು, ನಾಲ್ಕರ ಮಟ್ಟವನ್ನೂ ಬೆರಳಿಟ್ಟು ಅಳೆದ. ನಾಲ್ಕು ಇಂಜೆಕ್ಟರಿನ ದುಡ್ಡು ಉಳಿಯಿತೆಂದು ಅವನಿಗೆ ಯಾರೂ ಹೇಳಬೇಕಾಗಲಿಲ್ಲ.

ಆಮೇಲೆ ಫಿಲ್ಟರಿನಿಂದ ಪಂಪಿಗೆ ಹೋಗುವ ಕಡೆ ಒಂದು ತುಂಡು ಪಾರದರ್ಶಕ ಪೈಪು ಜೋಡಿಸಿದರು. ಜೇನಿನ ಬಣ್ಣದ ಡೀಸೆಲ್ಲು ಹರಿಯತೊಡಗಿತು, ಅದರೊಳಗೆ ಸಾಸಿವೆ ಗಾತ್ರದ ಗುಳ್ಳೆಗಳು, ಒಂದರ ಹಿಂದೊಂದು. "ಏರ್ ಎಳೀತಿದೆ" ಎಂದು ಹುಡುಗನೇ ಮೊದಲು ಕೂಗಿದ. ಕೀಲುಗಳನ್ನು ಒಂದೊಂದಾಗಿ ಒರೆಸಿ, ಒತ್ತಿ ನೋಡುತ್ತ ಹೋದರು. ಫಿಲ್ಟರಿನ ಮೇಲಿನ ಕೈಪಂಪಿನ ಬುಡದಲ್ಲಿ ಬೆರಳಿಟ್ಟು ಒತ್ತಿದಾಗ ಗುಳ್ಳೆ ನಿಂತಿತು, ಬಿಟ್ಟಾಗ ಮತ್ತೆ ಬಂತು. ಬಿಚ್ಚಿದರೆ ಒಳಗಿನ ರಬ್ಬರ್ ರಿಂಗು ಒಣಗಿ, ಬಿರುಕು ಬಿಟ್ಟು, ಉಗುರಿಗೆ ಪುಡಿಯಾಗುವಂತಿತ್ತು. ಒಳಗಿನ ಡೀಸೆಲ್ಲು ಹೊರಗೆ ಹನಿಯುತ್ತಿರಲಿಲ್ಲ, ಹೊರಗಿನ ಗಾಳಿ ಮಾತ್ರ ಒಳಗೆ ಹೋಗುತ್ತಿತ್ತು. ಅದಕ್ಕೇ ನೆಲದ ಮೇಲೆ ಇಷ್ಟು ದಿನ ಒಂದು ಕಲೆಯೂ ಕಂಡಿರಲಿಲ್ಲ.

ರಿಂಗು ತರಲು ಹುಡುಗ ಓಡಿದ್ದು ಹಿಂದಿನ ಗಲ್ಲಿಯ ಪಂಪು, ನಾಜಲ್ ಅಂಗಡಿಗೆ. ಅಲ್ಲಿಯ ಹಿರಿಯರು ಡೀಸೆಲ್ ಪಂಪನ್ನು ಈಗಲೂ ಮೈಕೋ ಎಂದೇ ಕರೆಯುತ್ತಾರೆ. ಬಾಷ್ ಕಂಪನಿ ಜರ್ಮನಿಯಲ್ಲಿ ಡೀಸೆಲ್ ಇಂಜೆಕ್ಷನ್ ಪಂಪುಗಳನ್ನು ದೊಡ್ಡ ಪ್ರಮಾಣದಲ್ಲಿ ತಯಾರಿಸಲು ಶುರುಮಾಡಿದ್ದು 1927ರಲ್ಲಿ. 1951ರಲ್ಲಿ ಹುಟ್ಟಿದ ಮೋಟಾರ್ ಇಂಡಸ್ಟ್ರೀಸ್ ಕಂಪನಿ, ಅಂದರೆ ಮೈಕೋ, ಆ ಕೆಲಸವನ್ನು ಬೆಂಗಳೂರಿನ ಆಡುಗೋಡಿಗೆ ತಂದಿತು. ಹೆಸರು 2008ರಲ್ಲಿ ಬಾಷ್ ಲಿಮಿಟೆಡ್ ಎಂದಾದರೂ ಗ್ಯಾರೇಜಿನ ಬಾಯಲ್ಲಿ ಅದು ಬದಲಾಗಿಲ್ಲ. ಆ ಅಂಗಡಿಯಲ್ಲಿ ನಾಜಲ್ ಪರೀಕ್ಷೆ ಮಾಡುವುದನ್ನು ಎಂದಾದರೂ ನಿಂತು ನೋಡಿ. ಕೈಹಿಡಿಕೆ ಒತ್ತಿದಾಗ ಪಕ್‌ಪಕ್ ಎಂದು ನಾಜಲ್ ಮಿಡಿದು, ಡೀಸೆಲ್ಲು ಮಂಜಾಗಿ ಹರಡಿದರೆ ಅದು ಚೆನ್ನಾಗಿದೆ. ದಾರವಾಗಿ ಸುರಿದರೆ, ಒತ್ತಿದ ಮೇಲೂ ತುದಿಯಲ್ಲಿ ಹನಿ ತೂಗಿದರೆ, ಅದರ ಆಯಸ್ಸು ಮುಗಿಯಿತು.

ಹೊಸ ರಿಂಗು ಕೂರಿಸಿ, ಕೈಪಂಪನ್ನು ಗಟ್ಟಿಯಾಗುವವರೆಗೆ ಒತ್ತಿ ಸೆಲ್ಫು ಹೊಡೆದರೆ ಸ್ಕ್ಯಾನರಿನಲ್ಲಿ ಒತ್ತಡದ ಅಂಕಿ ಸರಸರನೆ ಏರಿತು. ಪಾರದರ್ಶಕ ಪೈಪಿನಲ್ಲಿ ಬರೀ ಜೇನಿನ ಬಣ್ಣ. ಭಾಯ್ ಕೇಳಿದ ಮಜೂರಿ ಕೇಳಿ ಡ್ರೈವರು "ಇಷ್ಟೇನಾ?" ಎಂದು ಎರಡು ಸಲ ಕೇಳಿದ.

ಇತ್ತ ಕಾರಿನ ಗೇಜಿನಲ್ಲಿ ಮುಳ್ಳು ಸ್ಕೆಚ್ ಪೆನ್ನಿನ ಗೆರೆಯ ಮೇಲೇ ನಿಂತಿತ್ತು. ಅಲ್ಲಿಗೆ ಇಂಜೆಕ್ಟರುಗಳ ಮೇಲಿನ ಅನುಮಾನ ಕಳೆಯಿತು. ಭಾಯ್ ಸಮಾಧಾನಕ್ಕೆ ಪ್ಲಗ್ಗನ್ನೂ ಬಿಚ್ಚಿ ಮೂಸಿದರು. ಇಂಜೆಕ್ಟರು ಸೋರಿದ್ದರೆ ಪ್ಲಗ್ಗು ಒದ್ದೆಯಾಗಿ ಪೆಟ್ರೋಲ್ ನಾತ ಹೊಡೆಯಬೇಕಿತ್ತು, ಸ್ಟಾರ್ಟ್ ಆದ ಕ್ಷಣ ಸೈಲೆನ್ಸರಿನಿಂದ ಕಪ್ಪು ಹೊಗೆ ಬರಬೇಕಿತ್ತು. ಪ್ಲಗ್ಗು ಒಣಗಿದೆ, ತುದಿ ತಿಳಿ ಕಂದು. ಹಿಂದಿನ ಸೀಟು ಎತ್ತಿ, ಧೂಳು ಊದಿ, ತಟ್ಟೆಯಗಲದ ಮುಚ್ಚಳ ತೆಗೆದು ಪಂಪಿನ ಜೋಡಣೆಯನ್ನು ಮೇಲೆತ್ತಿದರು. ಪೆಟ್ರೋಲಿನ ವಾಸನೆ ಶೆಡ್ಡು ತುಂಬಿತು. ಒಳಗಿನ ಕೊಳವೆ ಗಟ್ಟಿಯಾಗಿದೆ, ಕ್ಲಿಪ್ಪು ಬಿಗಿಯಾಗಿದೆ, ರೆಗ್ಯುಲೇಟರು ಸರಿಯಿದೆ. ಪಂಪಿನ ಬಾಯಿಗೆ ಒಂದು ರಬ್ಬರ್ ಪೈಪು ಸಿಕ್ಕಿಸಿ ಸೈಕಲ್ ಪಂಪಿನಿಂದ ಗಾಳಿ ಒತ್ತಿದರೆ ಹಿಂದುಮುಂದಾಗಿ ಸಲೀಸಾಗಿ ಒಳಗೆ ಹೋಗುತ್ತಿದೆ. ಹೊಸ ಪಂಪಿಗೆ ಒತ್ತಿದರೆ ಹಿಡಿಕೆ ಕೆಳಗಿಳಿಯಲೇ ಇಲ್ಲ. ಮೇಷ್ಟ್ರಿಗೂ ಹಿಡಿಕೆ ಕೊಟ್ಟು ಎರಡನ್ನೂ ಒತ್ತಿಸಿದರು. ಏನು ಹಾಳಾಗಿದೆ, ಯಾತಕ್ಕೆ ದುಡ್ಡು ಕೊಡುತ್ತಿದ್ದೇನೆ ಎಂಬುದು ಕೊಡುವವರ ಕೈಗೇ ತಿಳಿಯಬೇಕು ಎಂಬ ಈ ನಡವಳಿಕೆಯ ಮೇಲೆ ನನಗೆ ಬಹಳ ಗೌರವ.

"ಟ್ಯಾಂಕ್‌ನಲ್ಲಿ ಎಣ್ಣೆ ಎಷ್ಟಿಟ್ಕೊಂಡು ಓಡಿಸ್ತೀರಿ ಮೇಷ್ಟ್ರೇ?"

"ನೂರು, ಇನ್ನೂರು ರೂಪಾಯಿದು ಹಾಕಿಸ್ತಾ ಇರ್ತೀನಿ. ರಿಸರ್ವ್ ಲೈಟು ಯಾವಾಗ್ಲೂ ಇದ್ದದ್ದೇ."

"ಅದು ಬಿಡಿ ಇನ್ಮೇಲೆ. ಈ ಮೋಟರಿಗೆ ತಂಪು ಅಂದ್ರೆ ಪೆಟ್ರೋಲೇ. ಅದರೊಳಗಿಂದ ಹರಿದುಹೋಗೋ ಪೆಟ್ರೋಲಿಂದಲೇ ಅದು ತಣ್ಣಗಿರೋದು. ತಳಕ್ಕೆ ಬಂದಾಗ ಕಾಯುತ್ತೆ, ತಳದ ಕೊಳೆನೂ ಎಳೆಯುತ್ತೆ. ಕಾಲು ಟ್ಯಾಂಕಾದ್ರೂ ಇರ್ಲಿ."

ಹೊಸ ಪಂಪು ಕೂತಿತು. ಕೀ ಆನ್ ಮಾಡಿದರೆ ಗುಂಯ್ ಸದ್ದು ಮೊದಲಿಗಿಂತ ಸಣ್ಣ, ನಯ. ಮುಳ್ಳು ಒಂದೇ ಏಟಿಗೆ 3 ಬಾರ್ ಮುಟ್ಟಿ ನಿಂತಿತು. ಎಂಜಿನ್ನು ಮುಟ್ಟಿದರೆ ಸಾಕು, ಹಿಡಿಯುತ್ತಿದೆ. ಮೇಷ್ಟ್ರು ಕೈ ಚಾಚಿ ಕೀ ಕೇಳಿದರು, ಭಾಯ್ ಅದನ್ನು ಜೇಬಿಗೆ ಹಾಕಿಕೊಂಡರು.

"ಬಿಸಿ ಎಂಜಿನ್ ಈಗ ಹಿಡಿಯೋದ್ರಲ್ಲಿ ಏನೂ ಗೊತ್ತಾಗಲ್ಲ ಮೇಷ್ಟ್ರೇ. ಮೊದ್ಲೂ ಹಿಡೀತಿತ್ತಲ್ಲ. ಗೇಜು ಬಿಚ್ಚಲ್ಲ, ರಾತ್ರಿ ಇಲ್ಲೇ ನಿಲ್ಲಲಿ. ನಾಳೆ ಏಳೂವರೆಗೆ ಬನ್ನಿ, ಮೊದಲ್ನೇ ಸೆಲ್ಫು ನೀವೇ ಹೊಡೀರಿ. ದುಡ್ಡು ಆಮೇಲೆ."

"ಸ್ಕೂಲಿದೆ ಭಾಯ್."

"ಹಂಗಾದ್ರೆ ಆರಕ್ಕೇ ಬನ್ನಿ. ನಾನು ಬಂದಿರ್ತೀನಿ."